ಮಡು ಉಳಿದರೆ ಸಾಲದು, ಹೊಳೆಯೇ ಬೇಕು

1912ರ ವಸಂತದಲ್ಲಿ ಅಮೆರಿಕದ ಮೇನ್ ರಾಜ್ಯದ ಬ್ಯಾಂಗರ್ ಪಟ್ಟಣದಲ್ಲಿ, ಮನೆಗಳಿಗೆ ಬಣ್ಣ ಬಳಿದು ಬದುಕುತ್ತಿದ್ದ ಒಬ್ಬ ಕೆಲಸಗಾರನ ಗಾಳಕ್ಕೆ ಆ ವರ್ಷದ ಮೊದಲ ಸಾಲ್ಮನ್ ಸಿಕ್ಕಿತು. ಆತ ಅದನ್ನು ತಿನ್ನಲಿಲ್ಲ, ಮಾರಲೂ ಇಲ್ಲ. ಅಧ್ಯಕ್ಷ ವಿಲಿಯಂ ಟಾಫ್ಟ್ ಅವರಿಗೆ ಕಳಿಸಿಕೊಟ್ಟ. ಪೆನಾಬ್‌ಸ್ಕಾಟ್ ನದಿಯ ಮೊದಲ ಮೀನು ದೇಶದ ಅಧ್ಯಕ್ಷರಿಗೆ ಎಂಬುದು ಅಂದಿನಿಂದ ಊರಿನ ಸಂಪ್ರದಾಯವಾಯಿತು. ನಡುವೆ ಕೆಲವು ವರ್ಷ ತಪ್ಪಿದರೂ ಎಂಬತ್ತು ವರ್ಷ ಅದು ನಡೆದುಬಂತು. 1992ರಲ್ಲಿ ಹಿರಿಯ ಜಾರ್ಜ್ ಬುಷ್ ಅವರಿಗೆ ಹೋದದ್ದೇ ಕೊನೆಯ ಮೀನು. ಅಷ್ಟು ಹೊತ್ತಿಗೆ ಉಡುಗೊರೆಗೆಂದು ಒಂದು ಮೀನನ್ನು ಕೊಡುವ ಚೈತನ್ಯವೂ ಆ ನದಿಯಲ್ಲಿ ಉಳಿದಿರಲಿಲ್ಲ.

ವಲಸೆ ಮೀನುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದ ನನ್ನನ್ನು ಬಿಡದೆ ಹಿಡಿದದ್ದು ಈ ಪೆನಾಬ್‌ಸ್ಕಾಟ್ ನದಿಯ ಕತೆ. ಮೀನಿನ ಪುಸ್ತಕ ಕೈಗೆತ್ತಿಕೊಂಡವರು ಮೀನಿನಲ್ಲೇ ನಿಲ್ಲುವುದು ಸಾಧ್ಯವಿಲ್ಲ. ನಾಲ್ಕು ಪುಟ ತಿರುಗಿಸುವುದರೊಳಗೆ ಅಣೆಕಟ್ಟಿನ ಪರವಾನಗಿ, ವಿದ್ಯುತ್ತಿನ ಲೆಕ್ಕ, ಹಳೆಯ ಕರಾರುಗಳು, ನ್ಯಾಯಾಲಯದ ತೀರ್ಪುಗಳು ಎದುರಾಗುತ್ತವೆ. ವಲಸೆ ಹೋಗುವ ಮೀನು ಒಂದು ಜಾಗಕ್ಕೆ ಸೇರಿದ ಪ್ರಾಣಿಯಲ್ಲ. ಕಾಡಿಗೆ ಗಡಿ ಗುರುತಿಸಿ ಇದು ಹುಲಿಯ ನೆಲ ಎಂದು ಘೋಷಿಸಬಹುದು. ಮೀನಿನ ಬದುಕು ಸಮುದ್ರ, ಅಳಿವೆ, ನದಿ, ಉಪನದಿ, ಹಳ್ಳ ಎಂದು ಉದ್ದಕ್ಕೆ ಚಾಚಿಕೊಂಡಿದೆ. ಅದರಲ್ಲಿ ಒಂದು ಕಡೆ ದಾರಿ ಕಟ್ಟಿಹೋದರೆ ಮಿಕ್ಕ ಕಡೆಯೆಲ್ಲ ಪಟ್ಟ ಶ್ರಮ ನೀರುಪಾಲು. ಸಿಹಿನೀರಿನ ವಲಸೆ ಮೀನುಗಳ 284 ಜಾತಿಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಜಾಗತಿಕ ವರದಿಯೊಂದು, 1970ರಿಂದ 2020ರವರೆಗಿನ ಅವಧಿಯಲ್ಲಿ ಅವುಗಳ ಸಂಖ್ಯೆ ಸರಾಸರಿ ಶೇ 81ರಷ್ಟು ಕುಸಿದಿದೆ ಎನ್ನುತ್ತದೆ. ನಮ್ಮ ಒಂದು ತಲೆಮಾರಿನ ಕಣ್ಣೆದುರಿಗೇ ಆದ ಕುಸಿತ ಇದು.

ಇಂಥ ಮೀನನ್ನು ಒಬ್ಬರೇ ಉಳಿಸಲಾರರು. ಸರ್ಕಾರ, ಮೀನುಗಾರ, ಪರಿಸರವಾದಿ, ವಿದ್ಯುತ್ ಕಂಪನಿ, ಯಾರೂ ಒಬ್ಬಂಟಿಯಾಗಿ ಇದನ್ನು ಮಾಡಲಾರರು. ಎಲ್ಲರೂ ಸೇರಬೇಕು ಎಂದು ಹೇಳುವುದು ಸುಲಭ. ಸೇರಿದವರು ಹೇಗೆ ಸೇರಿದರು, ಯಾರು ಏನು ಬಿಟ್ಟುಕೊಟ್ಟರು, ಏನು ಪಡೆದರು ಎಂಬುದರಲ್ಲಿ ವಿಷಯವಿದೆ. ಪೆನಾಬ್‌ಸ್ಕಾಟ್ ಅದಕ್ಕೆ ಒಳ್ಳೆಯ ಪಾಠ.

ನದಿಯ ಹೆಸರೇ ಅಲ್ಲಿನ ಮೂಲನಿವಾಸಿಗಳ ಹೆಸರೂ ಹೌದು. ಪೆನಾಬ್‌ಸ್ಕಾಟ್ ಜನರ ಮುಖ್ಯ ನೆಲೆ ನದಿಯ ನಡುವಿನ ಇಂಡಿಯನ್ ಐಲೆಂಡ್ ಎಂಬ ದ್ವೀಪ. ಸಾಲ್ಮನ್, ಹೆರಿಂಗ್, ಶ್ಯಾಡ್, ಸ್ಟರ್ಜನ್, ಈಲ್ ಹೀಗೆ ಸಮುದ್ರ ಮತ್ತು ನದಿಗಳ ನಡುವೆ ಓಡಾಡುವ ಹತ್ತಕ್ಕೂ ಹೆಚ್ಚು ಜಾತಿಯ ಮೀನುಗಳು ಒಂದು ಕಾಲಕ್ಕೆ ಆ ದ್ವೀಪವನ್ನು ಸುತ್ತಿಕೊಂಡೇ ಮೇಲೇರುತ್ತಿದ್ದವು. 19ನೆಯ ಶತಮಾನದಲ್ಲಿ ಮರ ಸೀಳುವ ಗಿರಣಿಗಳಿಗಾಗಿ, ಆಮೇಲೆ ಕಾಗದಕ್ಕಾಗಿ, ವಿದ್ಯುತ್ತಿಗಾಗಿ ಕೆಳಗಿನ ನದಿಯನ್ನು ಅಡ್ಡಗಟ್ಟಿದರು. 1980ರ ಕಾನೂನು ಆ ಜನರಿಗೆ ತಮ್ಮ ಹೊಟ್ಟೆಪಾಡಿನ ಮೀನು ಹಿಡಿಯುವ ಹಕ್ಕನ್ನು ಖಾತ್ರಿಪಡಿಸಿತು. ಆದರೆ ಸಮುದ್ರದ ಮೀನು ದ್ವೀಪದವರೆಗೆ ಬರುವ ದಾರಿ ಬಹುತೇಕ ಮುಚ್ಚಿಹೋಗಿತ್ತು. ಕಾಗದದಲ್ಲಿ ಹಕ್ಕು ಇತ್ತು, ನೀರಿನಲ್ಲಿ ಮೀನು ಇರಲಿಲ್ಲ.

ಅಣೆಕಟ್ಟುಗಳ ಪರವಾನಗಿ ನವೀಕರಣ ಬಂದಾಗಲೆಲ್ಲ ಜಗಳ. ಒಂದೊಂದು ಅಣೆಕಟ್ಟಿಗೂ ಒಂದೊಂದು ಮೊಕದ್ದಮೆ, ಒಂದೊಂದು ಮೀನು ಮೆಟ್ಟಿಲಿನ ವಾದ. 1999ರಲ್ಲಿ ಆ ಅಣೆಕಟ್ಟುಗಳು ಹೊಸ ಕಂಪನಿಯ ಕೈಗೆ ಬಂದ ಮೇಲೆ ಎರಡೂ ಕಡೆಯವರು ಬೇರೆ ರೀತಿಯಲ್ಲಿ ಯೋಚಿಸಿದರು. ಅಣೆಕಟ್ಟುಗಳನ್ನು ಒಂದೊಂದಾಗಿ ನೋಡುವುದನ್ನು ಬಿಟ್ಟು ನದಿಯನ್ನು ಇಡಿಯಾಗಿ ಮುಂದಿಟ್ಟುಕೊಂಡು ಕೂತರೆ ಹೇಗೆ? ಸಮುದ್ರಕ್ಕೆ ಹತ್ತಿರವಿರುವ ಅಣೆಕಟ್ಟು ಮೀನಿಗೆ ಅತಿ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಅದು ಬಾಗಿಲಲ್ಲೇ ಕೂತಿದೆ. ಅದೇ ಹೊತ್ತಿಗೆ ಬೇರೆ ಕಡೆಯ ಅಣೆಕಟ್ಟುಗಳಲ್ಲಿ ಇನ್ನಷ್ಟು ವಿದ್ಯುತ್ ತೆಗೆಯಲು ಅವಕಾಶವಿದೆ. ಹಾಗಾದರೆ ಕೆಳಗಿನ ಎರಡನ್ನು ಕೆಡವುವುದು, ಮೂರನೆಯದನ್ನು ಬಳಸಿಕೊಂಡು ಹೋಗುವಂತೆ ಹೊಳೆಯ ಆಕಾರದ್ದೇ ಒಂದು ಕಾಲುವೆ ತೋಡುವುದು, ಉಳಿದ ಕಡೆ ಉತ್ಪಾದನೆ ಹೆಚ್ಚಿಸಲು ಕಂಪನಿಗೆ ಅನುಮತಿ ಕೊಡುವುದು. 2004ರಲ್ಲಿ ಈ ಒಪ್ಪಂದಕ್ಕೆ ಸಹಿ ಬಿತ್ತು. ಪೆನಾಬ್‌ಸ್ಕಾಟ್ ಜನಾಂಗ ಮತ್ತು ಹಲವು ಸಂರಕ್ಷಣಾ ಸಂಸ್ಥೆಗಳು ಸೇರಿ ಒಂದು ಟ್ರಸ್ಟ್ ಕಟ್ಟಿದವು, ಹಣ ಕೂಡಿಸಿದವು, 2010ರಲ್ಲಿ ಸುಮಾರು 2.4 ಕೋಟಿ ಡಾಲರ್ ಕೊಟ್ಟು ಮೂರೂ ಅಣೆಕಟ್ಟುಗಳನ್ನು ಖರೀದಿಸಿದವು. 2012ರಲ್ಲಿ ಗ್ರೇಟ್ ವರ್ಕ್ಸ್, 2013ರಲ್ಲಿ ವೀಜಿ ಅಣೆಕಟ್ಟು ಒಡೆದವು. ಮೂರನೆಯದಾದ ಹೌಲೆಂಡ್ ಅಣೆಕಟ್ಟಿನ ಬಳಸುದಾರಿಯ ಕಾಲುವೆ ಆಮೇಲೆ ಮುಗಿಯಿತು. ನದಿಯಿಂದ ಬರುವ ವಿದ್ಯುತ್ತಿನ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು.

ಇದರಲ್ಲಿ ಗಮನಿಸಬೇಕಾದ್ದು ಕಂಪನಿಯ ಔದಾರ್ಯವೂ ಅಲ್ಲ, ಪರಿಸರದವರ ಹಟವೂ ಅಲ್ಲ. ಲೆಕ್ಕ. ಇಡೀ ನದಿಯನ್ನು ಒಂದು ಲೆಕ್ಕದ ಪುಸ್ತಕವಾಗಿ ತೆರೆದು, ಎಲ್ಲಿ ಕಳೆದರೆ ಮೀನಿಗೆ ಲಾಭ, ಎಲ್ಲಿ ಕೂಡಿಸಿದರೆ ವಿದ್ಯುತ್ತಿಗೆ ನಷ್ಟವಿಲ್ಲ ಎಂದು ಒಟ್ಟಿಗೆ ನೋಡಿದ್ದು. ತುಂಡು ತುಂಡಾಗಿ ನೋಡಿದ್ದರೆ ಈ ಲೆಕ್ಕ ಎಂದಿಗೂ ಹೊಂದುತ್ತಿರಲಿಲ್ಲ.

ಫಲ ಬೇಗ ಕಾಣಿಸಿತು. ಈಗ ನದಿಯ ಮೊದಲ ತಡೆಯಾಗಿರುವ ಮಿಲ್‌ಫೋರ್ಡ್ ಅಣೆಕಟ್ಟಿನಲ್ಲಿ ಮೀನುಗಳನ್ನು ನೀರಿನ ತೊಟ್ಟಿಯಲ್ಲಿ ತುಂಬಿ ಮೇಲೆತ್ತುವ ಲಿಫ್ಟ್ ಇದೆ. ಅಲ್ಲೇ ಎಣಿಕೆಯೂ ಆಗುತ್ತದೆ. ವೀಜಿ ಒಡೆದ ಮರುವರ್ಷ ಅಲ್ಲಿ ಎಣಿಸಿದ ಹೆರಿಂಗ್ ಎರಡು ಲಕ್ಷದ ಹತ್ತಿರ. 2018ರ ಹೊತ್ತಿಗೆ ಅದು 20 ಲಕ್ಷ ದಾಟಿತು. ಇದಕ್ಕೆ ದಾರಿ ತೆರೆದದ್ದು ಮಾತ್ರ ಕಾರಣವಲ್ಲ. ಹೆರಿಂಗ್ ಮೊಟ್ಟೆಯಿಡುವ ಮೇಲಿನ ಕೆರೆಗಳಿಗೆ ಮೀನುಗಳನ್ನು ಲಾರಿಗಳಲ್ಲಿ ಸಾಗಿಸಿ ಬಿಟ್ಟದ್ದೂ ಸೇರಿತ್ತು. ಹೆರಿಂಗ್ ಬಂದರೆ ಹದ್ದು ಬರುತ್ತದೆ, ಅಳಿವೆಯ ದೊಡ್ಡ ಮೀನು ಬರುತ್ತದೆ, ಸಮುದ್ರದಂಚಿನ ಲಾಬ್‌ಸ್ಟರ್ ಹಿಡಿಯುವವರಿಗೆ ಬೋನಿನ ಎರೆ ಸಿಗುತ್ತದೆ.

ಸಾಲ್ಮನ್ ಮಾತ್ರ ಇನ್ನೂ ಚೇತರಿಸಿಕೊಂಡಿಲ್ಲ. 2009ರಲ್ಲಿ ಪೆನಾಬ್‌ಸ್ಕಾಟ್ ಸಾಲ್ಮನ್ ಅಳಿವಿನಂಚಿನ ಪಟ್ಟಿಗೆ ಸೇರಿತು, ಇಂದಿಗೂ ಅಲ್ಲೇ ಇದೆ. ಮರಳಿ ಬರುವ ಸಾಲ್ಮನ್‌ಗಳಲ್ಲಿ ಹೆಚ್ಚಿನವು ಮರಿ ಕೇಂದ್ರದಲ್ಲಿ ಹುಟ್ಟಿದವು. ಸಮುದ್ರ ಬಿಸಿಯಾಗುತ್ತಿದೆ, ಮೇಲೆ ಇನ್ನೂ ಅಣೆಕಟ್ಟುಗಳಿವೆ. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಟ್ಟಿಹಾಕಿದ ನದಿ ಹತ್ತು ವರ್ಷದಲ್ಲಿ ಪೂರ್ತಿ ಗುಣವಾಗಬೇಕೆಂದು ಬಯಸುವುದು ನ್ಯಾಯವಲ್ಲ.

ಹಕ್ಕು ಮೊದಲು, ಸಹಕಾರ ಆಮೇಲೆ

ಸಾಲ್ಮನ್ ತಾನು ಹುಟ್ಟಿದ ಹಳ್ಳಕ್ಕೇ ಮರಳುತ್ತದೆ ಎಂಬುದು ಹಳೆಯ ತಿಳಿವಳಿಕೆ. ಅದು ಹೇಗೆ ಎಂಬುದಕ್ಕೆ ಉತ್ತರ ಕೊಟ್ಟವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹಾಸ್ಲರ್. ಯೂಟಾದ ಬೆಟ್ಟವೊಂದನ್ನು ಹತ್ತುವಾಗ ಪಾಚಿ ಮತ್ತು ಹೂವಿನ ಕಂಪು ಮೂಗಿಗೆ ಬಡಿದು, ಬಾಲ್ಯದ ನೆನಪುಗಳು ಒಮ್ಮೆಲೇ ನುಗ್ಗಿದಾಗ ಅವರಿಗೆ ಈ ವಿಚಾರ ಹೊಳೆಯಿತಂತೆ. ಮೀನೂ ಹೀಗೇ ವಾಸನೆಯ ಜಾಡಿನಲ್ಲಿ ಮನೆಗೆ ಮರಳುತ್ತಿರಬಹುದೆ? 1950ರ ದಶಕದ ಅವರ ಪ್ರಯೋಗಗಳು ಅದನ್ನು ಸಮರ್ಥಿಸಿದವು. ಪ್ರತಿ ಹಳ್ಳದ ಮಣ್ಣು, ಕಲ್ಲು, ಎಲೆಕೊಳೆಗೆ ಅದರದೇ ವಾಸನೆಯಿದೆ. ಮರಿಯಾಗಿದ್ದಾಗ ಅಚ್ಚೊತ್ತಿದ ಆ ವಾಸನೆಯನ್ನು ಹಿಡಿದು ಸಾಲ್ಮನ್ ವರ್ಷಗಳ ನಂತರ ಮರಳುತ್ತದೆ. ಅಂದರೆ ಒಂದು ಹಳ್ಳದ ಮೀನಿನ ಸಂತತಿ ಅಳಿದರೆ ಪಕ್ಕದ ಹಳ್ಳದವು ಬಂದು ಅಷ್ಟು ಸುಲಭವಾಗಿ ಆ ಜಾಗ ತುಂಬುವುದಿಲ್ಲ.

ಅಮೆರಿಕದ ಇನ್ನೊಂದು ಅಂಚಿನಲ್ಲಿ, ಪೆಸಿಫಿಕ್ ಕರಾವಳಿಯ ವಾಷಿಂಗ್ಟನ್ ರಾಜ್ಯದಲ್ಲಿ, ಈ ಮೀನಿಗಾಗಿ ನಡೆದ ಹೋರಾಟ ಬೇರೆಯೇ ಬಗೆಯದು. 1854ರಲ್ಲಿ ನಿಸ್ಕ್ವಾಲಿ ಮುಂತಾದ ಬುಡಕಟ್ಟುಗಳು ಮೆಡಿಸಿನ್ ಕ್ರೀಕ್ ಎಂಬಲ್ಲಿ ತಮ್ಮ ನೆಲವನ್ನು ಬಿಟ್ಟುಕೊಟ್ಟು ಕರಾರಿಗೆ ಒಪ್ಪಿದವು. ನೆಲ ಹೋದರೂ, ಹಿಂದಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡವು. ನೂರು ವರ್ಷ ತುಂಬುವ ಮೊದಲೇ ಅದೇ ಜಾಗಗಳಲ್ಲಿ ಬಲೆ ಬೀಸಿದವರನ್ನು ರಾಜ್ಯದ ಅಧಿಕಾರಿಗಳು ಬಂಧಿಸತೊಡಗಿದರು. ಬಿಲ್ಲಿ ಫ್ರಾಂಕ್ ಎಂಬ ನಿಸ್ಕ್ವಾಲಿ ಹುಡುಗ ಮೊದಲ ಸಲ ಬಂಧನಕ್ಕೊಳಗಾದದ್ದು 1945ರಲ್ಲಿ, 14ನೆಯ ವಯಸ್ಸಿನಲ್ಲಿ. ಆಮೇಲೆ ಆತ ಐವತ್ತಕ್ಕೂ ಹೆಚ್ಚು ಸಲ ಬಂಧಿತನಾದ. 1960ರ ದಶಕದಲ್ಲಿ ನದಿದಂಡೆಗಳಲ್ಲಿ ಸತ್ಯಾಗ್ರಹಗಳೇ ನಡೆದವು. ನಟ ಮರ್ಲನ್ ಬ್ರಾಂಡೊ ಕೂಡ ದೋಣಿ ಹತ್ತಿ ಬಂಧನಕ್ಕೊಳಗಾದ.

1974ರ ಫೆಬ್ರುವರಿಯಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟ ತೀರ್ಪು ಎಲ್ಲವನ್ನೂ ಬದಲಿಸಿತು. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಬುಡಕಟ್ಟುಗಳಿಗೆ ಸೇರಬೇಕು, ಮೀನಿನ ನಿರ್ವಹಣೆಯಲ್ಲೂ ಅವರು ಪಾಲುದಾರರು ಎಂದಿತು ತೀರ್ಪು. ಬಿಳಿಯ ಮೀನುಗಾರರ ಸಿಟ್ಟು ಭುಗಿಲೆದ್ದಿತು, ನ್ಯಾಯಾಧೀಶರ ಪ್ರತಿಕೃತಿಯನ್ನು ಗಲ್ಲಿಗೇರಿಸಿದರು. 1979ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನ ತಿರುಳನ್ನು ಎತ್ತಿಹಿಡಿಯಿತು. ಆಮೇಲೆ ನಡೆದದ್ದು ನನ್ನ ಮಟ್ಟಿಗೆ ಈ ಕತೆಯ ಅತಿ ಮುಖ್ಯ ಭಾಗ. ಜೈಲಿಗೆ ಹೋಗಿಬರುತ್ತಿದ್ದ ಬಿಲ್ಲಿ ಫ್ರಾಂಕ್ ವಾಯವ್ಯ ಬುಡಕಟ್ಟುಗಳ ಮೀನುಗಾರಿಕಾ ಆಯೋಗದ ಅಧ್ಯಕ್ಷನಾಗಿ, ತನ್ನನ್ನು ಬಂಧಿಸಿದ ಸರ್ಕಾರದ ಎದುರು ಅಲ್ಲ, ಪಕ್ಕದಲ್ಲಿ ಕೂತ. 1987ರಲ್ಲಿ ಮರದ ಕಂಪನಿಗಳು, ಬುಡಕಟ್ಟುಗಳು, ರಾಜ್ಯ, ಪರಿಸರ ಸಂಘಟನೆಗಳು ಸೇರಿ ಹೊಳೆದಂಡೆಯ ಕಾಡನ್ನು ಹೇಗೆ ಉಳಿಸಬೇಕೆಂದು ಒಪ್ಪಂದ ಮಾಡಿಕೊಂಡವು. 2009ರಲ್ಲಿ ನಿಸ್ಕ್ವಾಲಿ ಅಳಿವೆಯ ಹಳೆಯ ಒಡ್ಡನ್ನು ತೆಗೆದು ಸಮುದ್ರದ ಉಬ್ಬರವನ್ನು ಮತ್ತೆ ಒಳಕ್ಕೆ ಬಿಟ್ಟರು. ಸಾಲ್ಮನ್ ಮರಿಗಳು ಉಪ್ಪುನೀರಿಗೆ ಒಗ್ಗಿಕೊಳ್ಳುವ ಜಾಗ ಅದು. ಬಿಲ್ಲಿ ಫ್ರಾಂಕ್ 2014ರಲ್ಲಿ ತೀರಿಕೊಂಡರು. ಇಂದು ಆ ಅಳಿವೆಯ ವನ್ಯಜೀವಿಧಾಮಕ್ಕೆ ಅವರದೇ ಹೆಸರಿದೆ.

ಹಕ್ಕು ತೀರ್ಮಾನವಾದ ಮೇಲೆ ಸಹಕಾರ ಹುಟ್ಟಿತು, ಮೊದಲಲ್ಲ. ಹಕ್ಕಿಲ್ಲದವನನ್ನು ಸಹಕರಿಸು ಎಂದು ಕೇಳುವುದು ಸುಮ್ಮನಿರು ಎಂದು ಹೇಳಿದಂತೆಯೇ. ನಮ್ಮಲ್ಲಿ ಸಮುದಾಯ ಸಹಭಾಗಿತ್ವದ ಹೆಸರಿನಲ್ಲಿ ನಡೆಯುವ ಎಷ್ಟೋ ಸಭೆಗಳನ್ನು ನೋಡುವಾಗ ಈ ಮಾತು ನೆನಪಾಗುತ್ತದೆ. ಸಭೆಗೆ ಕರೆದವರಿಗೆ ಇಲ್ಲ ಎನ್ನುವ ಅಧಿಕಾರವಿದೆಯೆ? ಇಲ್ಲವಾದರೆ ಅದು ಮಾಹಿತಿ ಸಭೆ ಮಾತ್ರ.

ಕ್ಯಾಲಿಫೋರ್ನಿಯ ಮತ್ತು ಒರೆಗಾನ್ ರಾಜ್ಯಗಳ ಕ್ಲಾಮತ್ ನದಿಯದೂ ಇದೇ ಹಾದಿ. 2002ರಲ್ಲಿ ನೀರು ಇಳಿದು, ಬಿಸಿಯಾಗಿ, ರೋಗ ಹಬ್ಬಿ 30 ಸಾವಿರಕ್ಕೂ ಹೆಚ್ಚು ಸಾಲ್ಮನ್ ಸತ್ತು ದಡಕ್ಕೆ ಬಿದ್ದವು. ಯುರೊಕ್, ಕರುಕ್ ಬುಡಕಟ್ಟು ಜನರ ಎರಡು ದಶಕಗಳ ಒತ್ತಾಯದ ನಂತರ ನಾಲ್ಕು ಅಣೆಕಟ್ಟುಗಳನ್ನು ಕೆಡವಿದರು. ಕೆಲಸ ಮುಗಿದದ್ದು 2024ರ ಅಕ್ಟೋಬರ್ ಆರಂಭದಲ್ಲಿ. ಅದೇ ತಿಂಗಳು, ಅಣೆಕಟ್ಟುಗಳಿದ್ದ ಜಾಗ ದಾಟಿ ಒರೆಗಾನ್‌ನ ಉಪನದಿಯೊಂದರಲ್ಲಿ ಸಾಲ್ಮನ್ ಕಾಣಿಸಿತು. ನೂರಕ್ಕೂ ಹೆಚ್ಚು ವರ್ಷ ಆ ನೀರು ಸಾಲ್ಮನ್ ಕಂಡಿರಲಿಲ್ಲ.

ಗಂಗೆಯ ಮೀನು, ಗೋದಾವರಿಯ ಮೀನು

ನಮ್ಮ ಉಪಖಂಡದಲ್ಲಿ ಸಮುದ್ರದಿಂದ ನದಿಗೇರುವ ಮೀನುಗಳ ರಾಜ ಹಿಲ್ಸಾ. ಫರಕ್ಕಾ ಬ್ಯಾರೇಜ್ 1975ರಲ್ಲಿ ಕಾರ್ಯಾರಂಭ ಮಾಡುವ ಮೊದಲು ಅದು ಗಂಗೆಯಲ್ಲಿ ಪ್ರಯಾಗದವರೆಗೂ ಏರುತ್ತಿತ್ತು. ಈಗ ಫರಕ್ಕಾದ ಮೇಲೆ ಹಿಲ್ಸಾ ಕಂಡರೆ ಸುದ್ದಿ. ಗೋದಾವರಿಯಲ್ಲಿ ಇದೇ ಮೀನಿಗೆ ಪುಲಸ ಎಂದು ಹೆಸರು. ತಾಳಿ ಮಾರಿಯಾದರೂ ಪುಲಸ ತಿನ್ನಬೇಕೆಂದು ತೆಲುಗರು ಹೇಳುವಷ್ಟು ರುಚಿ, ಅಷ್ಟೇ ದುಬಾರಿ. ಅದರ ದಾರಿಯೂ ರಾಜಮಹೇಂದ್ರಿಯ ಬಳಿಯ ಧವಳೇಶ್ವರದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಕಾವೇರಿಯಲ್ಲೂ ಹಿಲ್ಸಾ ಇತ್ತು ಎಂದರೆ ಇಂದು ನಂಬುವುದು ಕಷ್ಟ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದ ಮೇಲೆ ಅಲ್ಲಿನ ಹಿಲ್ಸಾ ಮೀನುಗಾರಿಕೆ ಕುಸಿಯಿತು.

ಬಾಂಗ್ಲಾದೇಶ ಹಿಲ್ಸಾ ಉಳಿಸಲು ಹೊರಟಾಗ ಮೊದಲು ಕೇಳಿಕೊಂಡ ಪ್ರಶ್ನೆ ಸರಿಯಾಗಿತ್ತು: ಮೀನು ಹಿಡಿಯಬೇಡ ಎಂದರೆ ಮೀನುಗಾರನ ಮನೆಯಲ್ಲಿ ಅಂದು ಒಲೆ ಹೊತ್ತುವುದು ಹೇಗೆ? ಮರಿ ಹಿಲ್ಸಾಗಳನ್ನು ಹಿಡಿಯುವಂತಿಲ್ಲ, ಅಕ್ಟೋಬರಿನ ಆಸುಪಾಸು ಮೊಟ್ಟೆಯಿಡುವ ಕಾಲದಲ್ಲಿ 22 ದಿನ ಹಿಲ್ಸಾ ಹಿಡಿಯುವುದೇ ಬೇಡ, ಕೆಳಗಿನ ಮೇಘನಾ, ಪದ್ಮಾ ನದಿಗಳ ಕೆಲವು ಭಾಗಗಳು ಮೀನಿನ ಧಾಮ. ನಿಷೇಧದ ತಿಂಗಳುಗಳಲ್ಲಿ ನೋಂದಾಯಿತ ಮೀನುಗಾರ ಕುಟುಂಬಕ್ಕೆ ತಿಂಗಳಿಗೆ 40 ಕೆ.ಜಿ. ಅಕ್ಕಿ. 2002–03ರಲ್ಲಿ ಸುಮಾರು 2 ಲಕ್ಷ ಟನ್ ಇದ್ದ ಹಿಲ್ಸಾ ಇಳುವರಿ 2017–18ರ ಹೊತ್ತಿಗೆ 5 ಲಕ್ಷ ಟನ್ ದಾಟಿತು. ಅಕ್ಕಿ ಸಾಲದು, ಎಲ್ಲರಿಗೂ ಮುಟ್ಟುವುದಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ ಎಂಬ ಮೀನುಗಾರರ ದೂರು ನಿಜವೇ. ಆದರೂ ನಿಷೇಧದ ಖರ್ಚನ್ನು ಬಡವನೊಬ್ಬನ ತಲೆಗೇ ಕಟ್ಟಬಾರದು ಎಂಬ ತತ್ವವನ್ನು ಒಂದು ಬಡ ದೇಶ ಒಪ್ಪಿಕೊಂಡಿತು. ಇದು ಸಣ್ಣ ಮಾತಲ್ಲ.

ಮಂಗಳೂರಿನ ಕಲೆಕ್ಟರ್, ಶಿಶಿಲದ ಮಡು

ಈ ಓದಿನಲ್ಲಿ ಅಚ್ಚರಿಯಿಂದ ಎದುರಾದ ಹೆಸರು ಹೆನ್ರಿ ಸಲ್ಲಿವನ್ ಥಾಮಸ್. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ನಮ್ಮ ಹೊಳೆಗಳ ಮಹಶೀರ್ ಮೀನಿನ ಮೋಹ ಹಿಡಿದು 1873ರಲ್ಲಿ ಭಾರತದ ಗಾಳದ ಬೇಟೆಯ ಬಗ್ಗೆ ಅವರು ಬರೆದ ಪುಸ್ತಕ ಇಂದಿಗೂ ಹೆಸರುವಾಸಿ. ಅದಕ್ಕೂ ಮೊದಲು, 1870ರಲ್ಲಿ, ದಕ್ಷಿಣ ಕನ್ನಡದ ಮೀನುಸಾಕಣೆಯ ಬಗ್ಗೆ ಒಂದು ವರದಿ ಬರೆದಿದ್ದರು. ಹೊಳೆಗೆ ವಿಷ ಹಾಕುವುದು, ಮರಿಮೀನನ್ನೂ ಬಿಡದ ಸಣ್ಣ ಕಣ್ಣಿನ ಬಲೆ, ಬುಟ್ಟಿಗಳು. ಅವರು ಚಿಂತೆಪಟ್ಟ ವಿಷಯಗಳು ಇವೇ. ಸರಿಸುಮಾರು ಅದೇ ಕಾಲಕ್ಕೆ ಫ್ರಾನ್ಸಿಸ್ ಡೇ ಎಂಬ ವೈದ್ಯ, ಮತ್ಸ್ಯವಿಜ್ಞಾನಿ, ಅಣೆಕಟ್ಟುಗಳಲ್ಲಿ ಮೀನಿಗೆ ದಾರಿ ಬಿಡಬೇಕೆಂದು ಸರ್ಕಾರಕ್ಕೆ ಬರೆದರು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ವಿಷ ಮತ್ತು ಸಿಡಿಮದ್ದನ್ನು ಅಪರಾಧವೆಂದು ಸಾರಿತು. ನೂರಿಪ್ಪತ್ತೈದು ವರ್ಷ ದಾಟಿದರೂ ಬೇಸಿಗೆಯಲ್ಲಿ ಮಡುವಿಗೆ ತೋಟೆ ಎಸೆಯುವ ಸದ್ದು ಪಶ್ಚಿಮಘಟ್ಟದಲ್ಲಿ ನಿಂತಿಲ್ಲ.

ಕಾನೂನಿಗಿಂತ ಚೆನ್ನಾಗಿ ಮೀನನ್ನು ಕಾದದ್ದು ದೇವರು. ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ ಮೀನುಗಳಿಗೆ ಮಂಡಕ್ಕಿ ಹಾಕದೆ ಮರಳಿದ ಕನ್ನಡಿಗರು ಕಡಿಮೆ. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಅರಕಲಗೂಡಿನ ರಾಮನಾಥಪುರದ ವಹ್ನಿಪುಷ್ಕರಣಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ. ಹೊಳೆ ತಿರುಗುವ ಇಂಥ ಹಲವು ಕಡೆ ದೇವರ ಮೀನುಗಳಿವೆ. ಶಿಶಿಲೇಶ್ವರ ದೇವಸ್ಥಾನದ ಮುಂದಿನ ಕಪಿಲಾ ಹೊಳೆಯಲ್ಲಿ ಮಹಶೀರ್ ಮೀನು, ತುಳುವರ ಪೆರುವೊಲು, ತಿಳಿನೀರಿನಲ್ಲಿ ಗುಂಪುಗುಂಪಾಗಿ ನಿಂತಿರುವುದು ನೋಡಲೇಬೇಕಾದ ದೃಶ್ಯ. 1996ರಲ್ಲಿ ದುಷ್ಕರ್ಮಿಗಳು ಅಲ್ಲಿ ನೀರಿಗೆ ವಿಷ ಬೆರೆಸಿದರು. ಸಾವಿರಾರು ಮೀನು ಸತ್ತವು. ಊರವರು ಅವುಗಳ ನೆನಪಿಗೆ ಮತ್ಸ್ಯ ಸ್ಮಾರಕ ಕಟ್ಟಿಸಿದರು. ಮೀನಿಗಾಗಿ ಸ್ಮಾರಕ ಕಟ್ಟುವ ಜನ ನಮ್ಮಲ್ಲಿದ್ದಾರೆ ಎಂಬುದು ನನಗೆ ಯಾವ ಕಾಯ್ದೆಗಿಂತಲೂ ಹೆಚ್ಚಿನ ಭರವಸೆ.

ಆದರೆ ಶಿಶಿಲದ ದುರಂತ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ನೀರು ಹರಿಯುತ್ತದೆ. ಮಡುವಿನ ಮೀನನ್ನು ಎಷ್ಟು ಭಕ್ತಿಯಿಂದ ಕಾದರೂ ಮೇಲಿನಿಂದ ಬರುವ ವಿಷವನ್ನು ಮಡು ತಡೆಯಲಾರದು. ಮೀನೂ ಹರಿಯುತ್ತದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದಾಗ ಮಹಶೀರ್ ದೇವಸ್ಥಾನದ ಮಡುವಿನಲ್ಲಿ ಕೂತಿರುವುದಿಲ್ಲ. ಮೊಟ್ಟೆಯಿಡಲು ಜಲ್ಲಿಕಲ್ಲಿನ ಮೇಲ್ಹರಿವುಗಳನ್ನು ಹುಡುಕಿ ಹೋಗುತ್ತದೆ. ದೇವಸ್ಥಾನದ ಮುಂದೆ ಅದಕ್ಕೆ ಪೂರ್ಣ ಹಕ್ಕಿದೆ. ಒಂದು ತಿರುವು ದಾಟಿದರೆ ಅದು ಯಾರ ಬಲೆಗೂ ಸೇರಬಹುದಾದ ಮೀನು. ಈಲ್ ಜಾತಿಯ ನಮ್ಮ ಹಾವುಮೀನಿನದು ಇದಕ್ಕೆ ತಿರುಗುಮುರುಗು ಪಯಣ. ಘಟ್ಟದ ಹಳ್ಳಗಳಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಸಮುದ್ರಕ್ಕೆ ಇಳಿಯುತ್ತದೆ. ಅದಕ್ಕೆ ಹಳ್ಳದಿಂದ ಅಳಿವೆಯವರೆಗೆ ಪೂರ್ತಿ ಹೊಳೆ ಬೇಕು.

ಒಳ್ಳೆಯ ಉದ್ದೇಶವೊಂದೇ ಸಾಲದು ಎಂಬುದಕ್ಕೆ ಕಾವೇರಿಯೇ ಸಾಕ್ಷಿ. ಕಿತ್ತಳೆ ಬಣ್ಣದ ರೆಕ್ಕೆ, ಗೂನುಬೆನ್ನಿನ ಕಾವೇರಿ ಮಹಶೀರ್ ಜಗತ್ತಿನ ಮಹಶೀರ್‌ಗಳಲ್ಲೇ ದೈತ್ಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತ್ತು. ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದ, ಮಹಾರಾಷ್ಟ್ರದ ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಬೇರೆ ಜಾತಿ. ಅವು ಹೆಚ್ಚಿದವು, ಗೂನುಬೆನ್ನಿನವು ಕರಗಿದವು. ಗಾಳದ ಶಿಬಿರಗಳಲ್ಲಿ ಹಿಡಿದುಬಿಟ್ಟ ಮೀನುಗಳ ದಾಖಲೆಗಳನ್ನು ಜೋಡಿಸಿ ನೋಡಿದಾಗಲೇ ವಿಜ್ಞಾನಿಗಳಿಗೆ ಈ ಪಲ್ಲಟ ಸ್ಪಷ್ಟವಾದದ್ದು. ಅಷ್ಟು ದೊಡ್ಡ, ಅಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಗದಿಯಾದದ್ದೇ 2018ರಲ್ಲಿ: ಟೋರ್ ರೆಮಾದೇವಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಸ್ಥಳೀಯ ಮೀನುಗಾರರು ಮತ್ತು ಗಾಳ ಹಾಕುವವರು ಕಂಡದ್ದನ್ನು ವಿಜ್ಞಾನ ಇನ್ನೂ ಮೂವತ್ತು ವರ್ಷ ಮೊದಲೇ ಕೇಳಿಸಿಕೊಂಡಿದ್ದರೆ ಕತೆ ಬೇರೆಯಾಗುತ್ತಿತ್ತು ಎಂದು ನಾನು ನಂಬಿದ್ದೇನೆ.

ಹತ್ತುಮೀನಿನ ದಾರಿ

ಮಲೆನಾಡಿನವರಿಗೆ ವಲಸೆ ಮೀನನ್ನು ಪರಿಚಯಿಸಬೇಕಾಗಿಲ್ಲ. ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ಹೊಳೆ ತುಂಬಿ ಹಳ್ಳಕ್ಕೆ, ಹಳ್ಳ ತುಂಬಿ ಗದ್ದೆಗೆ ನೀರು ಕೂಡಿಕೊಂಡಾಗ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಹರಿವಿಗೆ ಎದುರಾಗಿ ಹತ್ತುತ್ತವೆ. ರಾತ್ರಿ ಟಾರ್ಚು, ಕತ್ತಿ, ಗೋಣಿಚೀಲ ಹಿಡಿದು ಹತ್ತುಮೀನಿಗೆ ಹೋಗುವುದು ಊರ ಸಂಭ್ರಮ. ಗದ್ದೆಯ ತೂಬಿಗೆ ಬಿದಿರಿನ ಕೂಣಿ ಒಡ್ಡುವುದೂ ಹಳೆಯದೇ. ಆ ಸಂಭ್ರಮವನ್ನು ಹಗುರವಾಗಿ ಕಾಣುವುದು ನನ್ನಿಂದ ಆಗದು. ಗದ್ದೆ ಇದ್ದಷ್ಟು ದಿನ, ಊರಿನ ನಾಲ್ಕು ಮನೆಯವರು ಕೂಣಿ ಇಟ್ಟಷ್ಟು ದಿನ, ಮೀನಿಗೂ ಪಾಲು ಉಳಿಯುತ್ತಿತ್ತು. ಈಗ ಗದ್ದೆಗಳು ಅಡಿಕೆ ತೋಟಗಳಾಗಿವೆ, ಹಳ್ಳಗಳಿಗೆ ಕಾಂಕ್ರೀಟು ಬಂದಿದೆ, ರಸ್ತೆಯ ಮೋರಿಯ ಕೆಳಗೆ ಮೀನು ಏರಲಾರದಷ್ಟು ಎತ್ತರದ ಜಿಗಿತ ಉಳಿದಿದೆ. ಉಳಿದಿರುವ ಒಂದೆರಡು ದಾರಿಗಳಲ್ಲಿ ಅಡ್ಡಡ್ಡ ಬಲೆ ಕಟ್ಟಿದರೆ ಆ ವರ್ಷದ ಮರಿಗಳೆಲ್ಲ ಮೊಟ್ಟೆಯಲ್ಲೇ ಹೋದಂತೆ.

ಕೇರಳದಲ್ಲಿ ಈ ಏರುಮೀನಿನ ಬೇಟೆಗೆ ಊತ್ತ ಎನ್ನುತ್ತಾರೆ. 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಡಿ ಮೊಟ್ಟೆಯಿಡುವ ಕಾಲದಲ್ಲಿ ಮೀನಿನ ದಾರಿಗೆ ಅಡ್ಡಕಟ್ಟಿ ಹಿಡಿಯುವುದು ಅಲ್ಲಿ ಅಪರಾಧ. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕಿಳಿಯುವುದಿಲ್ಲ. ಮೊಟ್ಟೆಯಿಡುವ ಮೀನನ್ನು ಬಿಡಬೇಕೆಂಬ ತತ್ವವನ್ನು ಮಲ್ಪೆ, ಮಂಗಳೂರಿನ ಮೀನುಗಾರರು ತಮ್ಮ ದುಡಿಮೆ ನಿಲ್ಲಿಸಿ ಪಾಲಿಸುತ್ತಿದ್ದಾರೆ. ಅದೇ ಎರಡು ತಿಂಗಳು ಘಟ್ಟದ ಮೇಲೆ, ಹೊಳೆಯಲ್ಲಿ, ಗದ್ದೆಯ ಬದುವಿನಲ್ಲಿ ಆ ಶಿಸ್ತು ಕಾಣುವುದಿಲ್ಲ.

ಇನ್ನು ಎತ್ತಿನಹೊಳೆಯ ವಿಷಯ. ಸಕಲೇಶಪುರದ ಕಡೆಯ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳ. ಇವು ಕುಮಾರಧಾರಾ, ನೇತ್ರಾವತಿಗಳ ತಲೆಹರಿವುಗಳು. ಮಳೆಗಾಲದಲ್ಲಿ ಇಲ್ಲಿಂದ 24.01 ಟಿಎಂಸಿ ನೀರನ್ನು ಬಯಲುಸೀಮೆಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರದ ಜನರ ಬಾಯಾರಿಕೆ ಸುಳ್ಳಲ್ಲ. ಫ್ಲೋರೈಡ್ ನೀರು ಕುಡಿದು ಬದುಕಿದವರಿಗೆ ಮೀನಿನ ಕತೆ ಹೇಳಿ ಬಾಯಿ ಮುಚ್ಚಿಸುವುದು ಕ್ರೌರ್ಯ. ನನ್ನ ತಕರಾರು ಬೇರೆ. ಮಳೆಗಾಲದಲ್ಲಿ ಸಮುದ್ರಕ್ಕೆ ವ್ಯರ್ಥವಾಗಿ ಹರಿಯುವ ನೀರನ್ನಷ್ಟೇ ತೆಗೆದುಕೊಳ್ಳುತ್ತೇವೆ ಎಂಬ ವಾದವೇ ಈ ಯೋಜನೆಯ ಬೆನ್ನೆಲುಬು. ಮೀನಿನ ಲೆಕ್ಕದಲ್ಲಿ ಮಳೆಗಾಲದ ಪ್ರವಾಹ ವ್ಯರ್ಥವಲ್ಲ, ಅದೇ ದಾರಿ. ಮೊಟ್ಟೆಯಿಡುವ ತಿಂಗಳುಗಳಲ್ಲೇ, ಮೊಟ್ಟೆಯಿಡುವ ಜಾಗಗಳಲ್ಲೇ ಒಡ್ಡು ಕಟ್ಟಿ ನೀರೆತ್ತುತ್ತಿದ್ದೇವೆ. ಕುಡಿಯುವ ನೀರಿನ ಯೋಜನೆ ಎಂಬ ಕಾರಣಕ್ಕೆ ಪೂರ್ಣ ಪ್ರಮಾಣದ ಪರಿಸರ ಪರಿಣಾಮ ಅಧ್ಯಯನದಿಂದ ಅದಕ್ಕೆ ವಿನಾಯಿತಿ ಸಿಕ್ಕಿತು. ಪೆನಾಬ್‌ಸ್ಕಾಟ್‌ನಲ್ಲಿ ವಿದ್ಯುತ್ ಕಂಪನಿಯೂ ಬುಡಕಟ್ಟಿನವರೂ ಒಂದೇ ಮೇಜಿನ ಮುಂದೆ ಕೂತಂತೆ, ಬಯಲುಸೀಮೆಯ ರೈತ, ಕರಾವಳಿಯ ಮೀನುಗಾರ, ಶಿಶಿಲದ ದೇವಸ್ಥಾನದವರು ಯಾವತ್ತಾದರೂ ಒಟ್ಟಿಗೆ ಕೂತದ್ದುಂಟೆ? ಯಾವ ಹಳ್ಳದಲ್ಲಿ ನೀರೆತ್ತಬಹುದು, ಯಾವುದನ್ನು ಮೀನಿಗೆ ಬಿಡಬೇಕು, ಯಾವ ವಾರಗಳಲ್ಲಿ ಪಂಪು ನಿಲ್ಲಿಸಬೇಕು ಎಂಬ ಲೆಕ್ಕ ಈಗಲೂ ಹಾಕಬಹುದು.

ಅದಕ್ಕೆ ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಒಂದು ಹೊಳೆಯ ಉದ್ದಕ್ಕೂ ಇರುವ ಪಂಚಾಯಿತಿಗಳ ಸಮಿತಿಗಳು ಸೇರಿ ತಮ್ಮ ಹೊಳೆಯ ಮೀನುಗಳ ಪಟ್ಟಿ, ಅವು ಹತ್ತುವ ಹಳ್ಳಗಳ ನಕ್ಷೆ ಮಾಡಿದರೆ ಅದೇ ದೊಡ್ಡ ಆರಂಭ. ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮುಂಗಾರಿಗೆ ಮುಂಚೆಯೇ ತೆಗೆಯುವುದು, ಹೊಸ ಮೋರಿ ಕಟ್ಟುವಾಗ ಅದರ ತಳವನ್ನು ಹಳ್ಳದ ಮಟ್ಟಕ್ಕೇ ಇರಿಸುವುದು, ಇವೆಲ್ಲ ಪಂಚಾಯಿತಿ ಮಟ್ಟದಲ್ಲೇ ಆಗುವ ಕೆಲಸಗಳು. ದೊಡ್ಡ ಅಣೆಕಟ್ಟಿಲ್ಲದೆ ಇಂದಿಗೂ ಹರಿಯುವ ಅಘನಾಶಿನಿ ನಮ್ಮ ಪಾಲಿಗೆ ಉಳಿದ ಭಾಗ್ಯ. ಅದರ ಅಳಿವೆಗೆ 2024ರ ಜನವರಿಯಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಅಳಿವೆಗೆ ಸಿಕ್ಕ ಗೌರವ ಅದರ ಮೇಲಿನ ಹಳ್ಳಗಳಿಗೂ ಸಿಗಬೇಕು.

ಮಲೆನಾಡಿನ, ಕರಾವಳಿಯ ಓದುಗರಲ್ಲಿ ಒಂದೇ ಬೇಡಿಕೆ. ಬರುವ ಮುಂಗಾರಿನಲ್ಲಿ ನಿಮ್ಮೂರ ಹಳ್ಳಕ್ಕೆ ಮೊದಲ ನೆರೆ ಬಂದಾಗ ಹತ್ತುವ ಮೀನಿಗೆ ಅಡ್ಡ ಬಲೆ ಕಟ್ಟಬೇಡಿ, ಕಟ್ಟುವವರಿಗೂ ಹೇಳಿ. ಮೊಟ್ಟೆಯಿಟ್ಟು ಇಳಿಯುವಾಗ ಊರಿಗೆ ಬೇಕಾದಷ್ಟು ಹಿಡಿಯಿರಿ.